ಗೆದ್ದಂಗೇ ಲೆಕ್ಕ

"ಸಾಕಣ್ಣ, ಸಾಕು!" ಎಂದು ಅವನು ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದ. ನಾನು ಕೈಗಳ ಮೇಲೇ ಸಾರು ಸುರಿದೆ. ಬಿಸಿ ತಾಗಿ ಕೈ ಎಳೆದುಕೊಂಡ. ಆ ಸಂದಿನಲ್ಲಿ ಮೂರನೇ ಮುದ್ದೆ ಇಟ್ಟುಬಿಟ್ಟೆ.

"ಏನಣ್ಣ ನೀನು! ಮಧ್ಯಾಹ್ನ ಮ್ಯಾಚೈತೆ ನಂಗೆ."

"ಅದಕ್ಕೇ ಕಣಪ್ಪ ಹಾಕ್ತಿರೋದು. ಶಕ್ತಿ ಬ್ಯಾಡ್ವಾ?"

ಸುಳ್ಳು. ಅವನು ಆಡಬಾರದು ಎಂದೇ ನಾನು ತಿನ್ನಿಸುತ್ತಿದ್ದೆ.

ಇದು ನಡೆದದ್ದು ಶಿಡ್ಲಘಟ್ಟದ ನಮ್ಮ ಮನೆಯಲ್ಲಿ, ಒಂದು ಭಾನುವಾರ ಬೆಳಗ್ಗೆ ಏಳೂವರೆಗೆ. ಅವರೆಕಾಯಿ ಕಾಲ. ನಾನು ಕೇಳಿದೆನೆಂದು ನಮ್ಮಮ್ಮ ಹಿಂದಿನ ದಿನವೆಲ್ಲ ಕೂತು ಕಾಳು ಹಿತುಕಿ, ಹಿತಕಿದ ಬೇಳೆ ಸಾರು ಮಾಡಿದ್ದಳು. ತಿನ್ನುತ್ತಿದ್ದವನು ಗೌರಿಬಿದನೂರಿನ ಹತ್ತಿರದ ಮಂಚೇನಹಳ್ಳಿಯವನು. ಕಬಡ್ಡಿಯಲ್ಲಿ ಒಳ್ಳೆಯ ರೈಡರ್. ಆವತ್ತು ಚಿಂತಾಮಣಿಯ ಟೂರ್ನಮೆಂಟಿನಲ್ಲಿ ನಮ್ಮ ಟೀಮಿಗೆ ಆಡಲೆಂದು ಬಂದಿದ್ದ.

ಚಿಂತಾಮಣಿಯಲ್ಲಿ ಅರವತ್ತು ಕೆಜಿ ಒಳಗಿನವರಿಗೆ ಮಾತ್ರ ಆಟ. ಮೊದಲು ತೂಗುತ್ತಾರೆ, ಒಂದು ಚೂರು ಜಾಸ್ತಿ ಇದ್ದರೂ ಹೊರಗೆ. ಇವನನ್ನು ಹಿಂದಿನ ದಿನ ಕೇಳಿದಾಗ ಐವತ್ತೆಂಟೂವರೆ ಅಂದಿದ್ದ. ನಾನು ಲೆಕ್ಕ ಹಾಕಿದೆ. ಒಂದೂವರೆ ಕೆಜಿ ಎಂದರೆ ನಾಲ್ಕು ಮುದ್ದೆ, ಅದಕ್ಕೆ ತಕ್ಕ ಸಾರು, ಮೇಲೆ ಒಂದು ಚೊಂಬು ನೀರು. ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಆದರೂ ಈ ಲೆಕ್ಕ ಬಂತು.

ಅವನ ಮೇಲೆ ನನಗೇನೂ ದ್ವೇಷವಿರಲಿಲ್ಲ. ಒಳ್ಳೆಯ ಹುಡುಗ. ತಪ್ಪು ಅಂದರೆ ಹೊರಗಿನವನು, ಅಷ್ಟೇ.

ನಮ್ಮ ಟೀಮು ಹನ್ನೊಂದು ವರ್ಷ ಆಡಿ ಒಂದು ಕಪ್ಪನ್ನೂ ಗೆದ್ದಿರಲಿಲ್ಲ. ಸೆಮಿಫೈನಲ್ ದಾಟಿರಲಿಲ್ಲ. ಆದರೂ ಎಲ್ಲಿ ಆಡಿದರೂ ಕೂಗಿ ಹುರಿದುಂಬಿಸಲು ನಾವು ಐದು ಜನ ಹಿಂದೆ ಹೋಗುತ್ತಿದ್ದೆವು. ಐದು ಜನವೂ ರೇಷ್ಮೆ ಬಿಚ್ಚುವ ಶೆಡ್ಡುಗಳಲ್ಲಿ ಕೆಲಸ ಮಾಡುವವರು. ಗೂಡು ಕೊಳ್ಳುವವನು ದೂರದಿಂದ ನೋಡಿ ಕೊಳ್ಳುವುದಿಲ್ಲ. ರಾಶಿಗೆ ಕೈ ಹಾಕಿ ಒಂದು ಹಿಡಿ ತೆಗೆಯುತ್ತಾನೆ, ಕಿವಿ ಹತ್ತಿರ ಅಲ್ಲಾಡಿಸುತ್ತಾನೆ, ಬೆರಳಲ್ಲಿ ಒತ್ತಿ ನೋಡುತ್ತಾನೆ. ಟೀಮನ್ನೂ ನಾವು ಹಾಗೇ ನೋಡುತ್ತಿದ್ದೆವು. ಕಪ್ಪು ಯಾರು ಬೇಕಾದರೂ ಹೊಡೆಯಬಹುದು. ಒಳಗೆ ಎಳೆ ಎಷ್ಟಿದೆ ಅನ್ನುವುದೇ ವಿಷಯ.

ಸೋತು ವಾಪಸ್ ಬರುವ ಬಸ್ಸಿನಲ್ಲಿ ಲೆಕ್ಕ ಶುರುವಾಗುತ್ತಿತ್ತು. ಚಿಕ್ಕಬಳ್ಳಾಪುರದವರು ಎಲ್ಲಿಗೆ ಹೋದರೂ ತಮಟೆ ತರುತ್ತಾರೆ. ನಮ್ಮವರು ಕ್ಯಾಚ್ ಹಿಡಿದಾಗ ಆ ತಮಟೆ ಎಷ್ಟು ಸಲ ನಿಂತಿತು? ಐದು ಸಲಕ್ಕಿಂತ ಹೆಚ್ಚು ನಿಂತರೆ ನಮಗೆ ಅದು ದೊಡ್ಡ ದಿನ. ಕಪ್ಪು ಇಸಿದುಕೊಳ್ಳಲು ಹೋದ ಅವರ ಕ್ಯಾಪ್ಟನ್ ನೆಟ್ಟಗೆ ನಡೆದನೋ, ಕುಂಟಿದನೋ? ಕುಂಟಿದರೆ ನಮ್ಮದೇ ಕೈವಾಡ. ಸಾದಲಿಯಲ್ಲಿ ಒಂದು ಸಲ ನಾವು ಮೊದಲನೇ ಸುತ್ತಿನಲ್ಲೇ ಸೋತೆವು. ಕಾಂಪೌಂಡ್ ಮೇಲೆ ಕೂತಿದ್ದ ಒಬ್ಬ ತಾತ ಟವೆಲ್ ಕೊಡವಿ ಎದ್ದ. "ಇನ್ನೇನೈತಪ್ಪ ನೋಡಕ್ಕೆ" ಅಂದುಕೊಂಡು ಮನೆಗೆ ಹೋದ. ಫೈನಲ್ ಇನ್ನೂ ಬಾಕಿಯಿತ್ತು! ಆ ತಾತನ ಮೇಲೆ ನಾವು ಎರಡು ವರ್ಷ ಬದುಕಿದೆವು.

ಎಲ್ಲಕ್ಕಿಂತ ದೊಡ್ಡದು ಒಂದಿತ್ತು. ಟೀಮಿನ ಏಳು ಜನವೂ ನಮ್ಮ ಎರಡು ಬೀದಿಯವರು. ಬೇರೆ ಊರುಗಳವರು ಅಲ್ಲಿಂದೊಬ್ಬ ಇಲ್ಲಿಂದೊಬ್ಬ ಆಟಗಾರರನ್ನು ತಂದು ಟೀಮು ಕಟ್ಟುತ್ತಿದ್ದರು. ಗೌರಿಬಿದನೂರಿನ ಒಂದು ಟೂರ್ನಮೆಂಟಿನಲ್ಲಿ ಕಪ್ಪು ಕೊಡಲು ಮೈಕಿನಲ್ಲಿ ಊರ ಹೆಸರು ಕೂಗಿದಾಗ ಗೆದ್ದವರಲ್ಲಿ ಮೂವರು ಎದ್ದೇಳಲೇ ಇಲ್ಲ. ಯಾವ ಊರಿಗೆ ಆಡಿದೆವು ಎನ್ನುವುದೇ ಅವರಿಗೆ ಗೊತ್ತಿರಲಿಲ್ಲ. ಆವತ್ತು ನಾವು ಬಸ್ಸಿನ ತುಂಬ ನಕ್ಕೆವು. ಶಿಡ್ಲಘಟ್ಟ ಬರುವ ಹೊತ್ತಿಗೆ ನಮ್ಮಲ್ಲಿ ಯಾವಾಗಲೂ ವಿಸಿಲ್ ಊದುವವನು ತೀರ್ಪು ಕೊಡುತ್ತಿದ್ದ. "ಗೆದ್ದಂಗೇ ಲೆಕ್ಕ ಬಿಡ್ರೋ." ಹನ್ನೊಂದು ವರ್ಷದಲ್ಲಿ ಬೇರೆ ತೀರ್ಪು ಬಂದ ನೆನಪಿಲ್ಲ.

ನಮ್ಮ ಕ್ಯಾಪ್ಟನ್ ಮಾತ್ರ ಆ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಕಿಟಕಿ ಪಕ್ಕ ಕೂತು ಮಂಡಿ ತಿಕ್ಕಿಕೊಳ್ಳುತ್ತಿದ್ದ. ನನಗಿಂತ ಎಂಟು ವರ್ಷ ದೊಡ್ಡವನು, ನಮ್ಮ ಬೀದಿಯವನೇ. ಭುಜದವರೆಗೆ ಕೂದಲು ಬಿಟ್ಟಿದ್ದ. ರೈಡಿಗೆ ಹೋದಾಗ ಅದು ಹಾರುವುದನ್ನು ನೋಡಲೆಂದೇ ಬರುವವರಿದ್ದರು. ಆ ವರ್ಷ ಮಂಡಿ ಊದತೊಡಗಿತು. ಚಿಂತಾಮಣಿಯದೇ ಕೊನೆ, ಆಮೇಲೆ ಆಡುವುದಿಲ್ಲ ಎಂದುಬಿಟ್ಟ. ಜೊತೆಗೆ ಇನ್ನೊಂದನ್ನೂ ಹೇಳಿದ. ಮಂಚೇನಹಳ್ಳಿಯಿಂದ ಒಬ್ಬ ಬರುತ್ತಾನೆ.

ನಾನು ಜಗಳಕ್ಕೇ ಹೋದೆ.

"ಅಣ್ಣ, ಹೊರಗಿನೋನ್ನ ಹಾಕ್ಕೊಂಡ್ರೆ ನಮಗೂ ಅವ್ರಿಗೂ ಏನ್ ವ್ಯತ್ಯಾಸ?"

"ಅವ್ರಿಗೆ ಕಪ್ ಐತೆ. ನಮಗಿಲ್ಲ. ಅದೇ ವ್ಯತ್ಯಾಸ."

"ಕಪ್ಪಲ್ಲೇನೈತಣ್ಣ? ಸಾದಲಿ ತಾತ..."

"ಲೇ, ಆ ತಾತಂಗೆ ಹೊಟ್ಟೆ ಹಸಿದಿತ್ತು ಕಣೋ. ಊಟಕ್ಕೆ ಎದ್ದೋದ. ನಂಗೆ ಒಂದು ಕಪ್ ಬೇಕು. ಒಂದೇ ಒಂದು. ಚಿಕ್ಕದಾದ್ರೂ ಪರವಾಗಿಲ್ಲ."

ತಾತನ ವಿಷಯದಲ್ಲಿ ಹಾಗೆ ಅಂದದ್ದು ನನಗೆ ತಡೆಯಲಾಗಲಿಲ್ಲ. ಮುದ್ದೆಯ ಉಪಾಯ ಅವತ್ತೇ ಹೊಳೆಯಿತು. ಯಾರಿಗೂ ಹೇಳಲಿಲ್ಲ.

ಮಂಚೇನಹಳ್ಳಿಯವನು ಶನಿವಾರ ಬಂದು ಕ್ಯಾಪ್ಟನ್ ಮನೆಯಲ್ಲಿ ಉಳಿದ. ಭಾನುವಾರ ಬೆಳಗ್ಗೆ ನಮ್ಮ ಮನೆಗೆ ಊಟಕ್ಕೆ ಕಳಿಸು ಎಂದೆ. ಕ್ಯಾಪ್ಟನ್‌ಗೆ ಖುಷಿಯಾಯಿತು. ನಾನು ರಾಜಿಗೆ ಬಂದೆ ಎಂದುಕೊಂಡ. ಬಂದವನನ್ನು ಒಬ್ಬನೇ ಕಳಿಸುವುದು ಸರಿಯಲ್ಲ ಎಂದು ತಾನೂ ಜೊತೆಗೆ ಬಂದ. ಕ್ಯಾಪ್ಟನ್ ತೂಕ ಅರವತ್ತಕ್ಕೆ ಸರಿಯಾಗಿ ನಿಂತಿದ್ದರಿಂದ ಶನಿವಾರ ಮಧ್ಯಾಹ್ನದಿಂದ ಅವನು ಏನೂ ತಿಂದಿರಲಿಲ್ಲ. ಸುಮ್ಮನೆ ಗೋಡೆಗೆ ಒರಗಿ ಕೂತ.

ನಾನು ಮಂಚೇನಹಳ್ಳಿಯವನನ್ನೇ ನೋಡುತ್ತಿದ್ದೆ. ಈ ಕಡೆ ನಮ್ಮಮ್ಮ ಏನು ಮಾಡುತ್ತಿದ್ದಾಳೆ ಎಂದು ನೋಡಲೇ ಇಲ್ಲ. ಒಬ್ಬನಿಗೆ ಬಡಿಸಿ ಇನ್ನೊಬ್ಬನನ್ನು ಬರೀ ಕೂರಿಸುವುದು ಅವಳ ಜಾಯಮಾನದಲ್ಲೇ ಇಲ್ಲ.

"ಬ್ಯಾಡಮ್ಮ, ತೂಕ ಐತೆ ಇವತ್ತು" ಎಂದು ಕ್ಯಾಪ್ಟನ್ ಹೇಳಿದ್ದು ನನಗೆ ಕೇಳಿಸಿತ್ತು.

"ಎಂಥ ತೂಕನಪ್ಪ? ಮುಖ ನೋಡು, ಒಣಗಿದ ಬದನೆಕಾಯಿ ಆಗೈತೆ. ಅರ್ಧ ಮುದ್ದೆ ತಿನ್ನು."

ಹಿತಕಿದ ಬೇಳೆ ಸಾರಿನ ವಾಸನೆ. ಹತ್ತೊಂಬತ್ತು ಗಂಟೆಯ ಹಸಿವು. ನಾನು ತಿರುಗಿ ನೋಡುವಷ್ಟರಲ್ಲಿ ಅವನ ತಟ್ಟೆಯಲ್ಲಿ ಮುದ್ದೆಯ ಒಂದು ಮೂಲೆ ಮಾತ್ರ ಉಳಿದಿತ್ತು.

"ಎಷ್ಟಮ್ಮ ಹಾಕ್ದೆ?"

"ಯಾಕೋ, ಎಣಿಸ್ತಾರೇನೋ ಊಟನ? ಎರಡೋ ಮೂರೋ."

ಹೊರಡುವಾಗ ಒಂದು ದೊಡ್ಡ ಟಿಫನ್ ಬಾಕ್ಸನ್ನೂ ನನ್ನ ಕೈಗೆ ಕೊಟ್ಟಳು. "ಪಾಪ, ದೂರದ ಹುಡುಗ. ಮಧ್ಯಾಹ್ನಕ್ಕೂ ಇರ್ಲಿ." ಬಸ್ಸಿನಲ್ಲಿ ತಿನ್ನಿಸೋಣ ಎಂದು ಇಟ್ಟುಕೊಂಡೆ. ಆದರೆ ಮಂಚೇನಹಳ್ಳಿಯವನು ಸೀಟಿಗೆ ಕೂತ ತಕ್ಷಣ ಗೊರಕೆ ಹೊಡೆದ.

ಚಿಂತಾಮಣಿಯ ಸ್ಕೂಲ್ ಗ್ರೌಂಡಿನಲ್ಲಿ ಟೊಮ್ಯಾಟೊ ಮಂಡಿಯಿಂದ ತಂದ ದೊಡ್ಡ ತಕ್ಕಡಿ ಇಟ್ಟಿದ್ದರು. ತೂಗುವವನೂ ಮಂಡಿಯವನೇ. ಆಟಗಾರರನ್ನು ಟೊಮ್ಯಾಟೊ ಬಾಕ್ಸಿನ ಹಾಗೇ ಒಬ್ಬೊಬ್ಬರನ್ನು ತೆಲುಗಿನಲ್ಲೇ ಹತ್ತು, ಇಳಿ ಎಂದು ಹತ್ತಿಸಿ ಇಳಿಸುತ್ತಿದ್ದ. "ಎಕ್ಕು ನಾಯ್ನಾ. ಆಯ್ತು. ದಿಗು, ದಿಗು."

ಮಂಚೇನಹಳ್ಳಿಯವನು ಹತ್ತಿದ. ನಾನು ತಕ್ಕಡಿಯ ಮುಳ್ಳಿನ ಮೇಲೆ ಬಗ್ಗಿದೆ. ಐವತ್ತೊಂಬತ್ತು ಕೆಜಿ ಎಂಟುನೂರು ಗ್ರಾಂ. ಪಾಸು! ಇಳಿದು ಬಂದು ನನ್ನ ಕೈ ಹಿಡಿದುಕೊಂಡ. "ನಿಮ್ಮಮ್ಮನ ಕೈ ಊಟ ತಿಂದು ಮೈಯೆಲ್ಲ ಗಟ್ಟಿ ಆದಂಗೈತಣ್ಣ."

ಆಮೇಲೆ ಕ್ಯಾಪ್ಟನ್ ಹತ್ತಿದ.

ಅರವತ್ತು ಕೆಜಿ ಎಂಟುನೂರು.

"ದಿಗು ನಾಯ್ನಾ" ಎಂದ ಮಂಡಿಯವನು, ಸಣ್ಣ ದನಿಯಲ್ಲಿ. ಚಿಕ್ಕಬಳ್ಳಾಪುರದವರು ಒಂದು ಸುತ್ತು ತಮಟೆ ಬಾರಿಸಿದರು. ಕ್ಯಾಪ್ಟನ್ ತಕ್ಕಡಿಯ ಮೇಲೇ ನಿಂತಿದ್ದ. ಅವನ ಕೊನೆಯ ಟೂರ್ನಮೆಂಟು ಅದು. ಅವನನ್ನು ನಾನೇ ಹೊರಗೆ ಹಾಕಿದ್ದೆ. ಯಾವನಿಗೆ ಮಾಡಲು ಹೋದೆನೋ ಅವನು ಬಾಳೆಹಣ್ಣು ಸುಲಿಯುತ್ತಿದ್ದ.

ತೂಕ ಮುಗಿಯುವುದಕ್ಕೆ ಒಂದು ಗಂಟೆ ಇತ್ತು. ಅಷ್ಟರಲ್ಲಿ ಇಳಿಸಿಕೊಂಡು ಬಂದರೆ ಮತ್ತೆ ತೂಗುತ್ತೇವೆ ಎಂದರು. ನನ್ನ ಸ್ವೆಟರು, ವಿಸಿಲಿನವನ ಸ್ವೆಟರು ಎರಡೂ ಹಾಕಿಸಿ, ಮೇಲೆ ಒಂದು ಕಂಬಳಿ ಸುತ್ತಿ ಅವನನ್ನು ಬಿಸಿಲಿಗೆ ಬಿಟ್ಟೆವು. ಗ್ರೌಂಡಿನ ಸುತ್ತ ಓಡತೊಡಗಿದ. ನಾನೂ ಪಕ್ಕದಲ್ಲೇ ಓಡಿದೆ.

ಮೂರನೇ ಸುತ್ತಿನಲ್ಲಿ ಕೇಳಿದ. "ಲೇ, ಬೆಳಗ್ಗೆ ಆ ಹುಡುಗನ ಕೈ ಮೇಲೆಲ್ಲ ಸಾರು ಯಾಕೆ ಸುರಿದೆ?"

ನಾನು ಸುಳ್ಳು ಹೇಳಬಹುದಿತ್ತು. ಓಡುತ್ತ ಸುಳ್ಳು ಹೇಳುವುದು ಕಷ್ಟ. ಎಲ್ಲ ಹೇಳಿಬಿಟ್ಟೆ.

ಅವನು ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡ. ಆಮೇಲೆ, "ಈಗ ಓಡು. ಹೊಡೆಯೋದು ಆಮೇಲೆ ನೋಡ್ಕೊಳ್ಳಣ" ಎಂದ.

ನಲವತ್ತು ನಿಮಿಷ ಓಡಿ ಬಂದು ಹತ್ತಿದ. ಅರವತ್ತು ಕೆಜಿ ಇನ್ನೂರೈವತ್ತು. ಬೆವರು ಬರುವುದು ನಿಂತುಹೋಗಿತ್ತು. ಮಂಡಿ ಮುದ್ದೆಯಷ್ಟೇ ಊದಿತ್ತು. ವಿಸಿಲಿನವನು ಅವನ ತಲೆಯನ್ನೇ ನೋಡುತ್ತಿದ್ದ. ನಾವೆಲ್ಲರೂ ನೋಡಿದೆವು.

"ಏನ್ ನೋಡ್ತೀರೋ? ನಡೀರಿ" ಎಂದು ಕ್ಯಾಪ್ಟನ್ನೇ ಮುಂದೆ ಹೊರಟ.

ಗ್ರೌಂಡಿನ ಎದುರಿಗೇ ಒಂದು ಕಟಿಂಗ್ ಶಾಪ್ ಇತ್ತು. ಅಂಗಡಿಯ ಮುದುಕ ಕತ್ತಿ ಮಸೆಯುತ್ತ ಭಕ್ತಿಯಿಂದ ಕೇಳಿದ, "ಯಾವ ದೇವ್ರಿಗಪ್ಪ ಮುಡಿ?"

"ತಕ್ಕಡಿಗೆ" ಎಂದ ಕ್ಯಾಪ್ಟನ್.

ಬೋಳು ತಲೆಯಲ್ಲಿ ಮತ್ತೆ ಹತ್ತಿದ. ಅರವತ್ತು ಕೆಜಿ ನೂರು ಗ್ರಾಂ. ಇನ್ನು ಐದು ನಿಮಿಷ. ಮಂಡಿಯವನಿಗೂ ಪಾಪ ಅನ್ನಿಸಿರಬೇಕು. "ಟೊಮ್ಯಾಟೊ ತೂಗಿದ್ರೆ ಬಾಕ್ಸಿನ ತೂಕ ಕಳೀತೀವಿ. ಇವ್ನಿಗೆ ಚಡ್ಡಿ ತೂಕ ಕಳೀತೀನಿ. ಪಾಸು" ಎಂದ.

ಚಿಕ್ಕಬಳ್ಳಾಪುರದವರು ಎದ್ದು ನಿಂತರು. "ಅದೆಂಗಾಗ್ತೈತೆ? ಬಿಚ್ಚಿ ತೂಗ್ರಿ!"

"ಬಿಚ್ಚಿದ್ರೆ ನೀವ್ ನೋಡಕ್ಕಾಗುತ್ತೇನ್ರೋ?" ಎಂದ ವಿಸಿಲಿನವನು.

ನಾವು ಐದು ಜನ ಆ ಕಂಬಳಿಯನ್ನು ತಕ್ಕಡಿಯ ಸುತ್ತ ಹಿಡಿದು ನಿಂತೆವು. ಕ್ಯಾಪ್ಟನ್ ಒಳಗಿಂದ ಬನಿಯನ್ ಎಸೆದ, ಚಡ್ಡಿ ಎಸೆದ. ಉಡಿದಾರವನ್ನೂ ಕಿತ್ತು ಎಸೆದ. ಮಂಡಿಯವನು ಕಂಬಳಿಯ ಸಂದಿನಿಂದ ಮುಳ್ಳನ್ನು ಮಾತ್ರ ನೋಡಿದ. ಮುಳ್ಳು ಅಲ್ಲಾಡಿತು, ನಿಂತಿತು. ಅರವತ್ತು! ಗ್ರೌಂಡಿನಲ್ಲಿದ್ದವರೆಲ್ಲ ಚಪ್ಪಾಳೆ ಹೊಡೆದರು. ಕ್ಯಾಪ್ಟನ್ ಒಳಗಿಂದ "ಲೇ, ಚಡ್ಡಿ ಕೊಡ್ರೋ" ಎಂದು ಕೂಗುತ್ತಿದ್ದ. ಚಪ್ಪಾಳೆಯಲ್ಲಿ ಯಾರಿಗೂ ಕೇಳಿಸಲಿಲ್ಲ.

ಆಮೇಲಿನದು ನಮ್ಮ ಟೀಮು ಯಾವತ್ತೂ ಆಡದ ಆಟ. ಮಂಚೇನಹಳ್ಳಿಯವನು ರೈಡಿಗೆ ಹೋದರೆ ಇಬ್ಬರನ್ನು ಮುಟ್ಟಿಕೊಂಡೇ ಬರುತ್ತಿದ್ದ. ಕ್ಯಾಪ್ಟನ್ ಒಂದೇ ಕಾಲಿನ ಮೇಲೆ ಕ್ಯಾಚ್ ಹಿಡಿಯುತ್ತಿದ್ದ. ಮೊದಲ ಮ್ಯಾಚು ಗೆದ್ದೆವು. ಸೆಮಿಫೈನಲ್ ಗೆದ್ದೆವು. ಬೆಳಗ್ಗೆ ಎರಡು ಬೀದಿ, ಏಳು ಜನ ಎಂದು ಕುಣಿದವನು ಮಧ್ಯಾಹ್ನ ಮಂಚೇನಹಳ್ಳಿಯವನ ಹೆಸರು ಕೂಗಿ ಗಂಟಲು ಕಟ್ಟಿಸಿಕೊಂಡೆ. ಕಪ್ಪನ್ನು ಮೇಜಿನ ಮೇಲೆ ಇಟ್ಟಿದ್ದರು. ಹೋಗಿ ಮುಟ್ಟಿ ಬಂದೆ. ಹಗುರ, ತಗಡಿನದು. ಆದರೂ ಬೇಕು ಅನ್ನಿಸಿತು. ಕ್ಯಾಪ್ಟನ್‌ಗೆ ಕೊಡಿಸಬೇಕು ಅನ್ನಿಸಿತು.

ಫೈನಲ್ ಚಿಕ್ಕಬಳ್ಳಾಪುರದವರ ಜೊತೆ. ಕೊನೆಯ ರೈಡು. ಅವರು ಇಪ್ಪತ್ತಮೂರು, ನಾವು ಇಪ್ಪತ್ತೆರಡು. ಮಂಚೇನಹಳ್ಳಿಯವನು ಹೋದ. "ಕಬಡ್ಡಿ ಕಬಡ್ಡಿ ಕಬಡ್ಡಿ." ಎಡಗಡೆ ಒಬ್ಬನನ್ನು ಮುಟ್ಟಿದ. ತಿರುಗುವಾಗ ಕಾಲು ಚಾಚಿ ಇನ್ನೊಬ್ಬನನ್ನು ಮುಟ್ಟಿದ. ಎರಡು ಪಾಯಿಂಟು! ನಡುಗೆರೆಗೆ ಇನ್ನು ಎರಡೇ ಹೆಜ್ಜೆ. ಅವನನ್ನು ಹಿಡಿಯುವವರು ಯಾರೂ ಇಲ್ಲ. ನಾವು ಆಗಲೇ ಒಬ್ಬರ ಮೇಲೊಬ್ಬರು ಬಿದ್ದಿದ್ದೆವು.

"ಕಬಡ್ಡಿ ಕಬಡ್ಡಿ ಕಬ್..."

ತೇಗಿದ.

ಸಣ್ಣ ತೇಗಲ್ಲ. ಗೆರೆಯ ಆಚೆ ನಿಂತ ನನಗೇ ಹಿತಕಿದ ಬೇಳೆ ವಾಸನೆ ಬಂದಂತಾಯಿತು. ಅಂಪೈರ್ ವಿಸಿಲ್ ಊದಿದರು. ಕಬಡ್ಡಿ ಅನ್ನುವುದು ನಿಂತರೆ ರೈಡರ್ ಔಟ್. ಮುಟ್ಟಿದ್ದೂ ಹೋಯಿತು, ಮೇಲೆ ಅವರಿಗೊಂದು ಪಾಯಿಂಟೂ ಹೋಯಿತು.

ವಿಸಿಲಿನವನು ಅಂಪೈರ್ ಮುಂದೆ ಹೋಗಿ ನಿಂತ. "ಸಾರ್, ತೇಗೂ ಉಸಿರೇ ತಾನೇ ಸಾರ್? ಒಳಗಿಂದಾನೇ ತಾನೇ ಬರೋದು?"

"ಒಳಗಿಂದ ಬರೋದೆಲ್ಲ ಕಬಡ್ಡಿ ಅಲ್ಲಪ್ಪ" ಎಂದರು ಅವರು.

ನಾನು ಬ್ಯಾಗುಗಳಿದ್ದ ಹುಣಸೆಮರದ ಕಡೆ ನೋಡಿದೆ. ಟಿಫನ್ ಬಾಕ್ಸು ತೆರೆದು ಬಿದ್ದಿತ್ತು. ಖಾಲಿ. ಸೆಮಿಫೈನಲ್ ಆದಮೇಲೆ ನಾವು ಕುಣಿಯುತ್ತಿದ್ದಾಗ ಅವನು ಪೂರ್ತಿ ಮುಗಿಸಿದ್ದ. ಓಡುವ ಗಡಿಬಿಡಿಯಲ್ಲಿ ನಾನು ಅದನ್ನು ಮರೆತೇ ಬಿಟ್ಟಿದ್ದೆ. ಗ್ರೌಂಡಿನ ಒಳಗಿಂದ ಕ್ಯಾಪ್ಟನ್ ಮೊದಲು ಬಾಕ್ಸು ನೋಡಿದ, ಆಮೇಲೆ ನನ್ನನ್ನು ನೋಡಿದ.

ಸಾಯಂಕಾಲದ ಬಸ್ಸು ಹತ್ತಿದೆವು. ಕೈವಾರ ಕ್ರಾಸ್ ಬರುವ ಮೊದಲೇ ಲೆಕ್ಕ ಶುರುವಾಯಿತು. ಅಷ್ಟು ಒಳ್ಳೆಯ ಲೆಕ್ಕ ಯಾವತ್ತೂ ಸಿಕ್ಕಿರಲಿಲ್ಲ. ಮೊದಲನೇ ಫೈನಲ್ಲು. ತಮಟೆ ಒಂಬತ್ತು ಸಲ ನಿಂತಿತ್ತು. ಅವರ ಕ್ಯಾಪ್ಟನ್ ಕುಂಟಿದ್ದಷ್ಟೇ ಅಲ್ಲ, ಕಪ್ಪನ್ನು ಇನ್ನೊಬ್ಬನ ಕೈಗೆ ಕೊಟ್ಟು ಕೂತುಬಿಟ್ಟಿದ್ದ. ಚಡ್ಡಿ ಬಿಚ್ಚಿಸಿ ತೂಗಿಸಿಕೊಂಡ ಟೀಮು ನಾಲ್ಕು ತಾಲ್ಲೂಕಿನಲ್ಲಿ ಇನ್ನೊಂದಿಲ್ಲ.

"ಇದು ಗೆದ್ದಂಗೇ..." ಎಂದು ವಿಸಿಲಿನವನು ಶುರು ಮಾಡಿದ.

"ಏಯ್!"

ಕ್ಯಾಪ್ಟನ್ ಕಿಟಕಿಯಿಂದ ತಿರುಗಿದ್ದ. ಬೋಳು ತಲೆಯಲ್ಲಿ ಅವನು ಬೇರೆ ಯಾರೋ ಅನ್ನಿಸುತ್ತಿತ್ತು.

"ಹನ್ನೊಂದ್ ವರ್ಷದಿಂದ ಗೆದ್ದಂಗೆ, ಗೆದ್ದಂಗೆ. ಸೋತು ಬಂದು ಒಂದಿನಾನಾದ್ರೂ ನೆಟ್ಟಗೆ ಬೇಜಾರು ಮಾಡ್ಕೊಳ್ಳಕ್ಕೆ ಬಿಟ್ಟಿದ್ದೀರೇನ್ರೋ ನನ್ನ? ನನ್ ಮಂಡಿ ನಿಮ್ ಲೆಕ್ಕಕ್ಕೆ ಬರಲ್ಲ. ನಿಮಗೇನು, ಕೂಗ್ತೀರ, ಬಸ್ ಹತ್ತತೀರ. ಒಂದ್ ಸಲ, ಇದೊಂದ್ ಸಲ ಸೋತ್ವಿ ಅಂತ ಹೇಳ್ರಪ್ಪ. ನಾನು ಸೋತೆ ಅಂತ ಮನೇಗೋಗಿ ಮಲಗ್ತೀನಿ."

ಕಂಡಕ್ಟರ್ ಟಿಕೆಟ್ ಹರಿಯುವುದು ನಿಲ್ಲಿಸಿದ್ದ. ಹಿಂದಿನ ಸೀಟಿನಲ್ಲಿ ಮಂಚೇನಹಳ್ಳಿಯವನು ಮಾತ್ರ ನಿದ್ದೆ ಮಾಡುತ್ತಿದ್ದ.

ನಾನು ಎದ್ದು ನಿಂತೆ. ಉಳಿದವರಿಗೆ ಮುದ್ದೆಯ ವಿಷಯ ಗೊತ್ತಿರಲಿಲ್ಲ, ಕ್ಯಾಪ್ಟನ್ ಯಾರಿಗೂ ಹೇಳಿರಲಿಲ್ಲ. ನಾನೇ ಹೇಳಿದೆ. ಯಾಕೆ ತಿನ್ನಿಸಿದೆ, ಯಾರಿಗೆ ತಿನ್ನಿಸಲು ಹೋದೆ, ಆ ಬಾಕ್ಸು ಯಾರದು, ಎಲ್ಲ. ವಿಸಿಲಿನವನು ಚಪ್ಪಲಿ ಬಿಚ್ಚಿ ಎಸೆದ. ತಾಗಲಿಲ್ಲ, ಕಂಡಕ್ಟರ್‌ಗೆ ಬಿತ್ತು. ಆಮೇಲೆ ಆ ಗಲಾಟೆ ಬೇರೆ.

ಶಿಡ್ಲಘಟ್ಟದ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಹೂವಿನ ಅಕ್ಕ ಕೇಳಿದಳು, "ಏನಾಯ್ತ್ರಪ್ಪಾ ನಿಮ್ದು?"

ಎಲ್ಲರೂ ನನ್ನ ಮುಖ ನೋಡಿದರು. ಕ್ಯಾಪ್ಟನ್ ಇನ್ನೂ ಮೆಟ್ಟಿಲ ಮೇಲಿದ್ದ, ಕಂಬಿ ಹಿಡಿದು ಒಂದೊಂದೇ ಕಾಲು ಇಳಿಸುತ್ತಿದ್ದ.

"ಸೋತ್ವಿ ಅಕ್ಕ" ಎಂದೆ.

"ಅಯ್ಯೋ. ಮತ್ತೆ?"

"ಮತ್ತೇನಿಲ್ಲ. ಸೋತ್ವಿ."

ಕ್ಯಾಪ್ಟನ್ ಇಳಿದ. ನನ್ನ ಹೆಗಲಿಗೆ ಅವನ ಬ್ಯಾಗು ಹಾಕಿದ. ಇಬ್ಬರೂ ಮನೆಗೆ ಹೋದೆವು. ಇದಕ್ಕಿಂತ ಜಾಸ್ತಿ ಹೇಳುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ.